ಗಿರಿಶ್ರೇಣಿಗಳ ಜಿಲ್ಲೆ ಚಿಕ್ಕಮಗಳೂರು: ಪ್ರಕೃತಿ ಸಂಪತ್ತು ಮತ್ತು ವಾಣಿಜ್ಯ

ಒಂದು ಜಿಲ್ಲೆಯ ವ್ಯಾಪಾರ ವಹಿವಾಟನ್ನು ಅರಿಯಬೇಕಾದರೆ ಮೊದಲು ಅಲ್ಲಿಯ ನೆಲ, ನೀರು ಮತ್ತು ಮಳೆಯನ್ನು ಅರಿಯಬೇಕೆಂಬುದು ಹಿರಿಯ ವರ್ತಕರ ಅನುಭವದ ಮಾತು. ಕರ್ನಾಟಕದ ಮಟ್ಟಿಗೆ ಈ ಮಾತು ಚಿಕ್ಕಮಗಳೂರು ಜಿಲ್ಲೆಗೆ ಅನ್ವಯಿಸುವಷ್ಟು ಬೇರೆಲ್ಲಿಯೂ ಅನ್ವಯಿಸಲಾರದು. ಇಲ್ಲಿ ಒಂದೇ ಜಿಲ್ಲೆಯ ಒಂದು ಅಂಚಿನಲ್ಲಿ ರಾಗಿ ಮತ್ತು ತೆಂಗು, ಇನ್ನೊಂದು ಅಂಚಿನಲ್ಲಿ ಅಡಿಕೆ ಮತ್ತು ಏಲಕ್ಕಿ, ನಡುವಣ ಬೆಟ್ಟದ ಇಳಿಜಾರಿನಲ್ಲಿ ಕಾಫಿ ಮತ್ತು ಕರಿಮೆಣಸು. ಇಷ್ಟು ವೈವಿಧ್ಯಕ್ಕೆ ಕಾರಣ ಮನುಷ್ಯನ ಯೋಜನೆಯಲ್ಲ, ಬೆಟ್ಟಗಳು ನಿಂತಿರುವ ರೀತಿ. ಆ ಬೆಟ್ಟಗಳ ಸ್ವರೂಪವನ್ನೂ, ಅವುಗಳಿಂದ ಬದುಕುತ್ತಿರುವ ವಾಣಿಜ್ಯವನ್ನೂ, ಆ ವಾಣಿಜ್ಯವು ಇಂದು ಎದುರಿಸುತ್ತಿರುವ ಆಯ್ಕೆಯನ್ನೂ ನಮ್ಮ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ನೆಲದ ಸ್ವರೂಪ

ಸುಮಾರು 7,200 ಚದರ ಕಿ.ಮೀ. ವಿಸ್ತೀರ್ಣದ ಈ ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. 2011ರ ಜನಗಣತಿಯಂತೆ ಜನಸಂಖ್ಯೆ ಸುಮಾರು 11.38 ಲಕ್ಷ. ಬಹುಕಾಲ 7 ತಾಲ್ಲೂಕುಗಳಿದ್ದ ಜಿಲ್ಲೆಗೆ ಅಜ್ಜಂಪುರ ಮತ್ತು ಕಳಸ ಸೇರಿ ಈಗ 9 ತಾಲ್ಲೂಕುಗಳಾಗಿವೆ.

ಜಿಲ್ಲೆಯ ಮಧ್ಯಭಾಗದಲ್ಲಿ ಬಿದಿಗೆಯ ಚಂದ್ರನಂತೆ ಬಾಗಿ ನಿಂತಿರುವ ಶ್ರೇಣಿಯೇ ಚಂದ್ರದ್ರೋಣ ಪರ್ವತ. ಬಾಬಾಬುಡನ್‌ಗಿರಿ ಶ್ರೇಣಿಯೆಂದೂ ಇದು ಪ್ರಸಿದ್ಧ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ ಇರುವುದು ಇದೇ ಶ್ರೇಣಿಯಲ್ಲಿ. ಅದರ ಎತ್ತರ ಸುಮಾರು 1,930 ಮೀಟರ್. ಬಾಬಾಬುಡನ್‌ಗಿರಿಯ ಎತ್ತರ ಸುಮಾರು 1,895 ಮೀಟರ್. ಜಿಲ್ಲೆಯ ನೈಋತ್ಯ ಅಂಚಿನಲ್ಲಿ ಪಶ್ಚಿಮಘಟ್ಟದ ಮುಖ್ಯ ಸಾಲು ಹಾದುಹೋಗಿದ್ದು, ಅಲ್ಲಿಯ ಕುದುರೆಮುಖ ಶಿಖರವು ಸುಮಾರು 1,890 ಮೀಟರ್ ಎತ್ತರವಿದೆ. ಕರಾವಳಿಯ ಕಡೆಯಿಂದ ನೋಡುವವರಿಗೆ ಕುದುರೆಯ ಮುಖದಂತೆ ಕಾಣುವುದರಿಂದ ಆ ಹೆಸರು.

ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಮೋಡಗಳನ್ನು ಮೊದಲು ಘಟ್ಟದ ಸಾಲು ತಡೆಯುತ್ತದೆ. ಅದನ್ನು ದಾಟಿ ಬಂದವುಗಳನ್ನು ಚಂದ್ರದ್ರೋಣ ಶ್ರೇಣಿಯು ಎರಡನೆಯ ಸಲ ತಡೆಯುತ್ತದೆ. ಪರಿಣಾಮವಾಗಿ ಶೃಂಗೇರಿಯ ಸೀಮೆಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮೇಲ್ಪಟ್ಟು ಮಳೆಯಾದರೆ, ಅಲ್ಲಿಂದ ರಸ್ತೆಯಲ್ಲಿ ಸುಮಾರು 130 ಕಿ.ಮೀ. ದೂರದ ಕಡೂರಿನಲ್ಲಿ ಬೀಳುವ ಮಳೆ 600 ಮಿ.ಮೀ. ಆಸುಪಾಸಿನದು. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ, ಮೂಡಿಗೆರೆ, ಕಳಸಗಳು ಅಪ್ಪಟ ಮಲೆನಾಡು. ಕಡೂರು, ಅಜ್ಜಂಪುರಗಳು ಬಯಲುಸೀಮೆ. ಚಿಕ್ಕಮಗಳೂರು, ತರೀಕೆರೆಗಳಲ್ಲಿ ಎರಡರ ಲಕ್ಷಣವೂ ಉಂಟು. ಬೀರೂರಿನ ಮಾರುಕಟ್ಟೆಗೆ ತೆಂಗು, ಅಡಿಕೆ, ಕಾಳುಕಡಿಗಳು ಬರುವುದಕ್ಕೂ, ಚಿಕ್ಕಮಗಳೂರು ಪಟ್ಟಣದಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳು ತಲೆಯೆತ್ತಿದುದಕ್ಕೂ, ಅಮೃತಮಹಲ್ ರಾಸುಗಳ ತಳಿ ಸಂವರ್ಧನಾ ಕೇಂದ್ರವು ಅಜ್ಜಂಪುರದ ಹುಲ್ಲುಗಾವಲಿನಲ್ಲಿ ನೆಲೆಗೊಂಡುದಕ್ಕೂ ಈ ಮಳೆಯ ಹಂಚಿಕೆಯೇ ಮೂಲ.

ನದಿಗಳ ತವರು

ತುಂಗಾ ಮತ್ತು ಭದ್ರಾ ನದಿಗಳೆರಡೂ ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ ಹುಟ್ಟುತ್ತವೆ. ಬೇರೆ ಬೇರೆ ದಾರಿ ಹಿಡಿದು ಶಿವಮೊಗ್ಗದ ಬಳಿಯ ಕೂಡ್ಲಿಯಲ್ಲಿ ಒಂದಾಗಿ ಕೃಷ್ಣೆಯನ್ನು ಸೇರುತ್ತವೆ. ಇದೇ ಬೆಟ್ಟಸಾಲಿನ ಇನ್ನೊಂದು ಮಗ್ಗುಲಿನ ನೀರು ನೇತ್ರಾವತಿಯಾಗಿ ಪಶ್ಚಿಮಕ್ಕೆ ಇಳಿದು ಮಂಗಳೂರಿನಲ್ಲಿ ಸಮುದ್ರ ಸೇರುತ್ತದೆ. ಮೂಡಿಗೆರೆ ಸೀಮೆಯಲ್ಲಿ ಹುಟ್ಟುವ ಹೇಮಾವತಿಯು ಕಾವೇರಿಯ ಪಾಲಾಗುತ್ತದೆ. ಚಂದ್ರದ್ರೋಣದ ಪೂರ್ವದ ಇಳಿಜಾರಿನ ವೇದಾ ಮತ್ತು ಅವತಿ ಹಳ್ಳಗಳು ಸೇರಿ ವೇದಾವತಿಯಾಗಿ, ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರವನ್ನು ತುಂಬಿಸುತ್ತವೆ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ ಮತ್ತು ಕಡೂರು ಸೀಮೆಯ ಮದಗದ ಕೆರೆಗಳಿಗೂ ಈ ಬೆಟ್ಟದ ನೀರೇ ಆಧಾರ.

ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟಿ 1960ರ ದಶಕದಲ್ಲಿ ಪೂರ್ಣಗೊಳಿಸಿದ ಅಣೆಕಟ್ಟೆಯ ಸಂಗ್ರಹ ಸಾಮರ್ಥ್ಯ ಸುಮಾರು 71.5 ಟಿ.ಎಂ.ಸಿ. ಅದರ ಕಾಲುವೆಗಳು ಶಿವಮೊಗ್ಗ, ದಾವಣಗೆರೆ ಮೊದಲಾದ ಜಿಲ್ಲೆಗಳಲ್ಲಿ ಸುಮಾರು 1 ಲಕ್ಷ ಹೆಕ್ಟೇರ್ ಭೂಮಿಗೆ ನೀರುಣಿಸುತ್ತವೆ. ದಾವಣಗೆರೆ ಸೀಮೆಯ ಅಕ್ಕಿ ಗಿರಣಿಗೆ ಬರುವ ಭತ್ತಕ್ಕೂ, ಚನ್ನಗಿರಿಯ ಮಂಡಿಗೆ ಬರುವ ಅಡಿಕೆಗೂ ಮೂಲಬಂಡವಾಳ ಚಿಕ್ಕಮಗಳೂರಿನ ಬೆಟ್ಟದಲ್ಲಿದೆಯೆಂಬುದನ್ನು ಬಯಲಿನ ವರ್ತಕರು ಸಾಮಾನ್ಯವಾಗಿ ನೆನೆಯುವುದಿಲ್ಲ. ಬೆಟ್ಟದ ತುದಿಯ ಹುಲ್ಲುಗಾವಲು ಮತ್ತು ಅದರ ಮಡಿಲುಗಳಲ್ಲಿ ಬೆಳೆದಿರುವ ಶೋಲಾ ಕಾಡುಗಳು ಮುಂಗಾರಿನ ನೀರನ್ನು ಹೀರಿಟ್ಟುಕೊಂಡು ಬೇಸಗೆಯವರೆಗೂ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತವೆ. ಆ ಹೊದಿಕೆ ಹರಿದರೆ ಮಳೆಗಾಲದಲ್ಲಿ ಪ್ರವಾಹ, ಬೇಸಗೆಯಲ್ಲಿ ಬರಿದಾದ ಹಳ್ಳ.

ಕಾಫಿ: ಬೆಟ್ಟದ ಮೇಲಿನ ಬೆಳೆ

ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಅರೇಬಿಯಾದ ಮೋಕಾದಿಂದ ಏಳು ಕಾಫಿ ಬೀಜಗಳನ್ನು ತಂದು ಈ ಗಿರಿಯಲ್ಲಿ ನೆಟ್ಟರೆಂಬುದು ಪ್ರಚಲಿತ ಐತಿಹ್ಯ. ಭಾರತದ ಕಾಫಿಯ ಕಥೆ ಆರಂಭವಾಗುವುದು ಇಲ್ಲಿಂದಲೇ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿಯನ್ ಬೆಳೆಗಾರರು ದೊಡ್ಡ ತೋಟಗಳನ್ನು ಎಬ್ಬಿಸಿದರು. 1925ರಲ್ಲಿ ಮೈಸೂರು ಸರ್ಕಾರವು ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರವನ್ನು ಸ್ಥಾಪಿಸಿತು. ಅದೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ದೇಶದ ಕಾಫಿ ಉತ್ಪಾದನೆಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದ್ದು, ರಾಜ್ಯದೊಳಗೆ ಕೊಡಗಿನ ನಂತರದ ಸ್ಥಾನ ಚಿಕ್ಕಮಗಳೂರಿನದು. 2019ರಲ್ಲಿ ‘ಚಿಕ್ಕಮಗಳೂರು ಅರೇಬಿಕಾ’ ಮತ್ತು ‘ಬಾಬಾಬುಡನ್‌ಗಿರಿ ಅರೇಬಿಕಾ’ ಎರಡಕ್ಕೂ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಹೆಸರಿನಲ್ಲಿಯೇ ಸ್ಥಳವಿರುವ ಸರಕಿಗೆ ಇದು ದೊಡ್ಡ ಅನುಕೂಲ. ಆದರೆ ಆ ಹೆಸರನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸಿ ಗ್ರಾಹಕನಿಗೆ ತಲುಪಿಸುವ ಕೆಲಸದಲ್ಲಿ ನಮ್ಮ ಸಣ್ಣ ಉದ್ದಿಮೆದಾರರು ಇನ್ನೂ ಬಹಳ ಮುಂದುವರಿಯಬೇಕಾಗಿದೆ.

1940ರ ದಶಕದಿಂದ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆಯಡಿ ಮಾರಾಟವಾಗುತ್ತಿದ್ದ ಕಾಫಿಯು 1996ರ ಹೊತ್ತಿಗೆ ಪೂರ್ಣವಾಗಿ ಮುಕ್ತ ಮಾರುಕಟ್ಟೆಗೆ ಬಂದಿತು. ಆರಂಭದಲ್ಲಿ ಒಳ್ಳೆಯ ಬೆಲೆ ಕಂಡ ಬೆಳೆಗಾರರು, 2001-02ರ ಸುಮಾರಿಗೆ ಅಂತರರಾಷ್ಟ್ರೀಯ ಬೆಲೆ ನೆಲಕಚ್ಚಿದಾಗ ತೀವ್ರ ಸಂಕಷ್ಟಕ್ಕೆ ಸಿಲುಕಿದರು. ತೋಟಕ್ಕೆ ಸಾಲ ಕೊಟ್ಟ ಬ್ಯಾಂಕುಗಳು ಮಾತ್ರವಲ್ಲ, ಗೊಬ್ಬರದ ಅಂಗಡಿಯಿಂದ ಬಟ್ಟೆಯ ಅಂಗಡಿಯವರೆಗೆ ಎಲ್ಲರ ಉದ್ದರಿ ಪುಸ್ತಕಗಳೂ ಆ ವರ್ಷಗಳಲ್ಲಿ ಭಾರವಾದವು. 2024-25ರಲ್ಲಿ ಬೆಲೆಯು ಏರಿಕೆ ಕಂಡಿತೆಂಬುದು ಸಂತೋಷದ ಸಂಗತಿ. ಆದರೆ ಬೆಲೆಯನ್ನು ನಿರ್ಧರಿಸುವುದು ಬ್ರೆಜಿಲ್ ಮತ್ತು ವಿಯೆಟ್ನಾಂಗಳ ಬೆಳೆಯೆಂಬುದನ್ನು ಮರೆಯಲಾಗದು. ಬೆಳೆಯ ಪ್ರಮಾಣವನ್ನಂತೂ ಆಕಾಶವೇ ನಿರ್ಧರಿಸುತ್ತದೆ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಹೂಮಳೆ ಸಕಾಲಕ್ಕೆ ಬೀಳಬೇಕು, ಕೆಲವು ವಾರಗಳಲ್ಲಿ ಮತ್ತೊಂದು ಹದಮಳೆ ಆಗಬೇಕು, ಕೊಯ್ಲಿನ ನವೆಂಬರ್-ಜನವರಿಯಲ್ಲಿ ಮಳೆ ಬರಬಾರದು. ಕಣದಲ್ಲಿ ಹಣ್ಣು ಒಣಗುತ್ತಿರುವಾಗ ಮೂರು ದಿನ ಮಳೆ ಹಿಡಿದರೆ ವರ್ಷದ ಲಾಭವೇ ಕರಗುತ್ತದೆ.

ಇಲ್ಲಿಯ ಕಾಫಿಯ ಒಂದು ವಿಶೇಷವನ್ನು ಗಮನಿಸಬೇಕು. ಅದು ಕಾಡನ್ನು ಸಂಪೂರ್ಣವಾಗಿ ಕಡಿದು ಬೆಳೆಯುವ ಬೆಳೆಯಲ್ಲ. ಮರಗಳ ನೆರಳಿನಲ್ಲಿ ಬೆಳೆಯುವಂಥದು. ಅತ್ತಿ, ಬಸರಿ, ಹಾಲುವಾಣ, ಸಿಲ್ವರ್ ಓಕ್ ಮರಗಳ ನೆರಳು, ಆ ಮರಗಳಿಗೆ ಹಬ್ಬಿಸಿದ ಕರಿಮೆಣಸಿನ ಬಳ್ಳಿ, ಅಲ್ಲಲ್ಲಿ ಏಲಕ್ಕಿ ಮತ್ತು ಕಿತ್ತಳೆ. ಹೀಗೆ ಒಂದೇ ಎಕರೆಯಲ್ಲಿ ಹಲವು ಆದಾಯಗಳು. ಕಾಫಿಯ ಬೆಲೆ ಕುಸಿದ ವರ್ಷಗಳಲ್ಲಿ ಅನೇಕ ತೋಟಗಳನ್ನು ಉಳಿಸಿದುದು ಕರಿಮೆಣಸೇ. ನೆರಳು ವಿರಳವಾದ ತೋಟದಲ್ಲಿ ಅರೇಬಿಕಾಕ್ಕೆ ಬಿಳಿ ಕಾಂಡಕೊರಕದ ಹಾವಳಿ ಹೆಚ್ಚುತ್ತದೆ. ಮರ ಉಳಿಸುವುದು ಇಲ್ಲಿ ಕೇವಲ ಪರಿಸರ ಪ್ರೇಮದ ಮಾತಲ್ಲ, ಜಮಾಖರ್ಚಿನ ಮಾತು. ಮಲೆನಾಡಿನ ಅಡಿಕೆ ಬೆಳೆಗಾರರ ಸ್ಥಿತಿ ಇದಕ್ಕಿಂತ ಕಠಿಣವಾಗಿದೆ. ಶೃಂಗೇರಿ, ಕೊಪ್ಪ ಸೀಮೆಯಲ್ಲಿ ದಶಕಗಳಿಂದ ಹಳದಿ ಎಲೆ ರೋಗ, ಈಚಿನ ವರ್ಷಗಳಲ್ಲಿ ಎಲೆ ಚುಕ್ಕಿ ರೋಗ, ಎರಡೂ ಸೇರಿ ತೋಟಗಳನ್ನು ಬರಿದು ಮಾಡುತ್ತಿವೆ. ಒಂದೇ ಬೆಳೆಯನ್ನು ನಂಬಿದವರ ಕಷ್ಟವಿದು.

ಅದಿರು: ತೆಗೆದು ಮುಗಿದ ಅಧ್ಯಾಯ

ಚಂದ್ರದ್ರೋಣ ಮತ್ತು ಕುದುರೆಮುಖ ಸೀಮೆಗಳ ಶಿಲೆಯಲ್ಲಿ ಕಬ್ಬಿಣವಿದೆ. ಚಂದ್ರದ್ರೋಣದ ಶಿಲಾಪದರಗಳು 250 ಕೋಟಿ ವರ್ಷಗಳಿಗಿಂತಲೂ ಹಳೆಯವು. ಕೆಂಪು ಮಣ್ಣಿನ ಗುಂಡಿ ಎಂಬುದರಿಂದಲೇ ಕೆಮ್ಮಣ್ಣುಗುಂಡಿಗೆ ಆ ಹೆಸರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಒಂದು ಕಾಲಕ್ಕೆ ಅಲ್ಲಿಂದಲೇ ಅದಿರು ಹೋಗುತ್ತಿತ್ತು.

ಇದಕ್ಕಿಂತ ದೊಡ್ಡ ಪ್ರಯತ್ನ ನಡೆದುದು ಕುದುರೆಮುಖದಲ್ಲಿ. 1976ರಲ್ಲಿ ಸ್ಥಾಪಿತವಾದ ಸಾರ್ವಜನಿಕ ವಲಯದ ಕಂಪನಿಯು ಇರಾನಿನ ಉಕ್ಕಿನ ಕಾರ್ಖಾನೆಗಳಿಗಾಗಿ ಇಲ್ಲಿಯ ಮ್ಯಾಗ್ನಟೈಟ್ ಅದಿರನ್ನು ತೆಗೆಯುವ ಯೋಜನೆ ಹೂಡಿತು. ಅದಿರನ್ನು ಪುಡಿಮಾಡಿ, ನೀರಿನೊಡನೆ ಕಲಸಿ, 67 ಕಿ.ಮೀ. ಉದ್ದದ ಕೊಳವೆಯ ಮೂಲಕ ಘಟ್ಟದ ಕೆಳಗಿನ ಮಂಗಳೂರು ಬಂದರಿಗೆ ಸಾಗಿಸಲಾಗುತ್ತಿತ್ತು. ಗಣಿಯ ಹೂಳನ್ನು ತಡೆಯಲು ಲಕ್ಯಾ ಹಳ್ಳಕ್ಕೆ ಅಣೆಕಟ್ಟೆ ಕಟ್ಟಲಾಯಿತು. ಬೆಟ್ಟದ ಮೇಲೆ ಶಾಲೆ, ಆಸ್ಪತ್ರೆ, ಬ್ಯಾಂಕುಗಳುಳ್ಳ ಒಂದು ಪಟ್ಟಣವೇ ಎದ್ದಿತು. 1987ರಲ್ಲಿ ಸುತ್ತಲಿನ ಸುಮಾರು 600 ಚದರ ಕಿ.ಮೀ. ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಭದ್ರಾ ನದಿಗೆ ಹೂಳು ಸೇರುತ್ತಿದ್ದುದು, ಕಾಡಿಗೆ ಹಾನಿಯಾಗುತ್ತಿದ್ದುದು ನ್ಯಾಯಾಲಯದ ಮೆಟ್ಟಿಲೇರಿ, 2002ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಂತೆ 2005ರ ಡಿಸೆಂಬರ್ 31ರಂದು ಗಣಿಗಾರಿಕೆ ನಿಂತಿತು. ಮಂಗಳೂರಿನ ಪೆಲೆಟ್ ಕಾರ್ಖಾನೆ ಆನಂತರ ಬೇರೆಡೆಯ ಅದಿರನ್ನು ಆಶ್ರಯಿಸಬೇಕಾಯಿತು.

ಗಣಿ ಬೇಕಿತ್ತೇ ಬೇಡವಾಗಿತ್ತೇ ಎಂಬ ವಾದವನ್ನು ಇಲ್ಲಿ ಮತ್ತೆ ಎತ್ತುವ ಅಗತ್ಯವಿಲ್ಲ. ವರ್ತಕರು ಗಮನಿಸಬೇಕಾದುದು ಬೇರೆ. ಸುಮಾರು ಮೂವತ್ತು ವರ್ಷ ಒಂದೇ ಕಂಪನಿಯ ಸಂಬಳದ ಮೇಲೆ ನಿಂತ ಪೇಟೆಯು ಆ ಕಂಪನಿಯ ಕೆಲಸ ನಿಂತೊಡನೆ ಖಾಲಿಯಾಯಿತು. ಕಾಫಿಯ ತೋಟ ಕೆಟ್ಟ ವರ್ಷಗಳನ್ನು ಕಂಡರೂ ಶತಮಾನಗಳಿಂದ ಉಳಿದಿದೆ. ಗಣಿಯ ಪೇಟೆ ಒಂದು ತಲೆಮಾರಿಗೇ ಮುಗಿಯಿತು. ಇತ್ತ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವೂ ಒಂದಾಯಿತು.

ನೋಡತಕ್ಕ ತಾಣಗಳು

ಜಿಲ್ಲೆಯ ಪ್ರಕೃತಿ ತಾಣಗಳನ್ನು ಮೂರು ಗುಂಪುಗಳಾಗಿ ನೋಡುವುದು ಅನುಕೂಲ.

ಮೊದಲನೆಯದು ಚಂದ್ರದ್ರೋಣ ಶ್ರೇಣಿ. ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ ಮತ್ತು ಮಾಣಿಕ್ಯಧಾರಾ ಒಂದೇ ದಾರಿಯಲ್ಲಿವೆ. ಶ್ರೇಣಿಯ ಉತ್ತರದ ತುದಿಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಗೆಯ ವಿಹಾರಧಾಮವಾಗಿದ್ದ ಕೆಮ್ಮಣ್ಣುಗುಂಡಿ ಇದೆ. ಅದರ ಆಸುಪಾಸಿನಲ್ಲಿಯೇ ಕಾಫಿ ತೋಟಗಳ ನಡುವೆ ಎರಡು ಹಂತಗಳಲ್ಲಿ ಧುಮುಕುವ ಹೆಬ್ಬೆ ಜಲಪಾತ ಮತ್ತು ವೀರಭದ್ರನ ಗುಡಿಯ ಪಕ್ಕದಲ್ಲಿ ಇಳಿಯುವ ಕಲ್ಲತ್ತಿಗಿರಿ ಜಲಪಾತಗಳಿವೆ. ಈ ಬೆಟ್ಟಗಳ ಹುಲ್ಲುಗಾವಲಿನಲ್ಲಿ ಹಲವು ವರ್ಷಗಳಿಗೊಮ್ಮೆ ಕುರಿಂಜಿ ಹೂ ಅರಳಿ ಇಡೀ ಇಳಿಜಾರು ನೀಲಿಯಾಗುತ್ತದೆ. 2022ರಲ್ಲಿ ಹಾಗೆ ಅರಳಿದಾಗ ಬಂದ ಜನಸಂದಣಿ ಅಪಾರ.

ಎರಡನೆಯದು ಭದ್ರಾ ಅಭಯಾರಣ್ಯ. ಮುತ್ತೋಡಿ ಮತ್ತು ಲಕ್ಕವಳ್ಳಿ ಇದರ ಎರಡು ಪ್ರವೇಶದ್ವಾರಗಳು. ಸುಮಾರು 490 ಚದರ ಕಿ.ಮೀ. ವ್ಯಾಪ್ತಿಯ ಈ ಕಾಡು 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಕಾಡಿನೊಳಗಿದ್ದ 400ಕ್ಕೂ ಹೆಚ್ಚು ಕುಟುಂಬಗಳಿಗೆ 2002ರ ಸುಮಾರಿಗೆ ಹೊರಗೆ ಜಮೀನು, ಮನೆ ನೀಡಿ ಪುನರ್ವಸತಿ ಕಲ್ಪಿಸಲಾಯಿತು.

ಮೂರನೆಯದು ಘಟ್ಟದ ಅಂಚು. ಕುದುರೆಮುಖದ ಹುಲ್ಲುಬೆಟ್ಟಗಳು, ಹನುಮನಗುಂಡಿ ಜಲಪಾತ, ಶೃಂಗೇರಿಯ ಬಳಿಯ ಸಿರಿಮನೆ ಜಲಪಾತ, ಮೂಡಿಗೆರೆಯ ಬಳ್ಳಾಲರಾಯನ ದುರ್ಗ, ಮಳೆಗಾಲದಲ್ಲಿ ನೂರಾರು ಝರಿಗಳಿಂದ ಕಂಗೊಳಿಸುವ ಚಾರ್ಮಾಡಿ ಘಾಟಿ ಇವು ಪ್ರಮುಖ. ಶೃಂಗೇರಿ, ಹೊರನಾಡು, ಕಳಸಗಳಿಗೆ ಬರುವ ಭಕ್ತಾದಿಗಳೂ ಇದೇ ದಾರಿಯವರು. ಕ್ಷೇತ್ರಯಾತ್ರೆಯು ವರ್ಷದುದ್ದಕ್ಕೂ ನಡೆಯುವುದರಿಂದ ಇಲ್ಲಿಯ ಸಣ್ಣ ವ್ಯಾಪಾರಿಗಳಿಗೆ ಅದೇ ನಂಬಿಕೆಯ ಆದಾಯ.

ದಾರಿ ಕಡಿದರೆ ವ್ಯಾಪಾರ ಕಡಿಯುತ್ತದೆ

ಮಲೆನಾಡಿನ ಸರಕಿಗೆ ಎರಡು ಬಾಗಿಲುಗಳಿವೆ. ಪೂರ್ವಕ್ಕೆ ಕಡೂರು, ಬೀರೂರುಗಳ ರೈಲುದಾರಿ. 2013ರ ನವೆಂಬರ್‌ನಿಂದ ಚಿಕ್ಕಮಗಳೂರಿಗೂ 46 ಕಿ.ಮೀ. ಉದ್ದದ ರೈಲುಮಾರ್ಗ ಬಂದಿದೆ. ಪಶ್ಚಿಮಕ್ಕೆ ಘಟ್ಟ ಇಳಿದು ಮಂಗಳೂರು ಬಂದರು. ಕೊಟ್ಟಿಗೆಹಾರದಿಂದ ಇಳಿಯುವ ಚಾರ್ಮಾಡಿ ಘಾಟಿಯೂ, ಶೃಂಗೇರಿಯ ಕಡೆಯಿಂದ ಕೆರೆಕಟ್ಟೆಯ ಮೂಲಕ ಕಾರ್ಕಳಕ್ಕೆ ಇಳಿಯುವ ದಾರಿಯೂ ಪಶ್ಚಿಮದ ಬಾಗಿಲಿನ ಕೀಲುಗಳು.

2019ರ ಆಗಸ್ಟ್ ತಿಂಗಳ ಮಳೆ ಈ ಕೀಲು ಎಷ್ಟು ಸೂಕ್ಷ್ಮವೆಂಬುದನ್ನು ತೋರಿಸಿಕೊಟ್ಟಿತು. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮೊದಲಾದೆಡೆ ಗುಡ್ಡ ಕುಸಿದು ಮನೆ, ತೋಟಗಳು ಕೊಚ್ಚಿಹೋದವು. ಚಾರ್ಮಾಡಿ ಘಾಟಿಯು ಹಲವೆಡೆ ಕುಸಿದು ಸಂಚಾರ ಸ್ಥಗಿತವಾಯಿತು. ಲಘು ವಾಹನಗಳಿಗೆ ದಾರಿ ತೆರೆದ ಮೇಲೂ ಭಾರಿ ವಾಹನಗಳು ಬಹುಕಾಲ ಸುತ್ತುದಾರಿ ಹಿಡಿಯಬೇಕಾಯಿತು. ಸುತ್ತುದಾರಿಯೆಂದರೆ ಹೆಚ್ಚಿನ ಡೀಸೆಲ್, ಹೆಚ್ಚಿನ ಬಾಡಿಗೆ, ತಡವಾಗಿ ತಲುಪುವ ಮೀನು, ತರಕಾರಿ, ಸಿಮೆಂಟು. ದಾರಿಬದಿಯ ಹೋಟೆಲು, ಪಂಕ್ಚರ್ ಅಂಗಡಿ, ಜೇನು ಮತ್ತು ಕಾಫಿಪುಡಿ ಮಾರುವ ಮಳಿಗೆಗಳಿಗಂತೂ ವ್ಯಾಪಾರವೇ ಇಲ್ಲ.

ಬೆಟ್ಟ ಕುಸಿಯಲು ಅತಿವೃಷ್ಟಿ ಒಂದು ಕಾರಣ. ಇಳಿಜಾರಿನ ಬುಡವನ್ನು ನೇರವಾಗಿ ಕಡಿದು ರಸ್ತೆ ಅಥವಾ ಕಟ್ಟಡ ಮಾಡುವುದು, ನೀರು ಹರಿಯುವ ಸಹಜ ಜಾಡನ್ನು ಮುಚ್ಚುವುದು, ಆಳವಾಗಿ ಬೇರೂರಿದ ಮರಗಳನ್ನು ತೆಗೆಯುವುದು ಇನ್ನುಳಿದ ಕಾರಣಗಳು. ಮೊದಲನೆಯದು ನಮ್ಮ ಕೈಯಲ್ಲಿಲ್ಲ, ಉಳಿದವು ಇವೆ.

ಪ್ರವಾಸೋದ್ಯಮದ ಲೆಕ್ಕ

ಬೆಂಗಳೂರಿನಿಂದ ಅರ್ಧ ದಿನದ ಪ್ರಯಾಣದ ಅಂತರದಲ್ಲಿರುವುದರಿಂದ ಚಿಕ್ಕಮಗಳೂರು ವಾರಾಂತ್ಯದ ಪ್ರವಾಸಿಗರ ನೆಚ್ಚಿನ ಜಿಲ್ಲೆಯಾಗಿದೆ. ಕಾಫಿ ಬೆಲೆ ಕುಸಿದ ಕಾಲದಲ್ಲಿ ತೋಟದ ಹಳೆಯ ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟವರಿಗೆ ಹೋಂಸ್ಟೇ ಆಸರೆಯಾಯಿತು. ಅದನ್ನು ಕಂಡು ಅನೇಕರು ಬಂಡವಾಳ ಹೂಡಿದರು. ಈಗ ರಜಾದಿನಗಳಲ್ಲಿ ಗಿರಿಯ ಕಿರಿದಾದ ರಸ್ತೆಯಲ್ಲಿ ವಾಹನಗಳು ಗಂಟೆಗಟ್ಟಲೆ ನಿಲ್ಲುತ್ತವೆ. ಈ ಒತ್ತಡದಿಂದಾಗಿ 2025ರಲ್ಲಿ ಜಿಲ್ಲಾಡಳಿತವು ಮುಳ್ಳಯ್ಯನಗಿರಿ ಶ್ರೇಣಿಗೆ ಹೋಗುವ ವಾಹನಗಳಿಗೆ ಮಿತಿ ಹಾಕಿ, ಮುಂಗಡ ನೋಂದಣಿಯ ವ್ಯವಸ್ಥೆಯನ್ನು ಜಾರಿಗೆ ತಂದಿತು.

ಮಿತಿ ಎಂದೊಡನೆ ವ್ಯಾಪಾರಕ್ಕೆ ಪೆಟ್ಟೆಂದು ಅಸಮಾಧಾನ ಕೇಳಿಬರುವುದು ಸಹಜ. ಆದರೆ ಲೆಕ್ಕ ಹಾಕಿ ನೋಡಬೇಕು. ವಾರದ 7 ದಿನಗಳಲ್ಲಿ 2 ದಿನ ಮಾತ್ರ ಕೊಠಡಿಗಳು ತುಂಬಿದರೆ ವರ್ಷದ ಭರ್ತಿ ಶೇ. 29ಕ್ಕಿಂತ ಕಡಿಮೆ. ಮುಂಗಾರಿನ ತಿಂಗಳುಗಳಲ್ಲಿ ದಾರಿ ಕಡಿದರೆ ಇನ್ನೂ ಕಡಿಮೆ. ಸಾಲದ ಕಂತು ಮಾತ್ರ 12 ತಿಂಗಳೂ ಕಟ್ಟಬೇಕು. ಶನಿವಾರ, ಭಾನುವಾರಗಳ ಸಂದಣಿಯನ್ನು ಇನ್ನಷ್ಟು ಹೆಚ್ಚಿಸುವುದರಿಂದ ಈ ಕೊರತೆ ತುಂಬುವುದಿಲ್ಲ. ಅದೇ ಪ್ರವಾಸಿಗರನ್ನು ವಾರದ ಉಳಿದ ದಿನಗಳಿಗೂ, ಜಿಲ್ಲೆಯ ಉಳಿದ ತಾಣಗಳಿಗೂ ಹಂಚಿದರೆ ತುಂಬುತ್ತದೆ. ಅಯ್ಯನಕೆರೆ, ಅಮೃತಪುರ ಮತ್ತು ಬೆಳವಾಡಿಗಳ ಹೊಯ್ಸಳ ದೇಗುಲಗಳು, ಅಜ್ಜಂಪುರದ ಅಮೃತಮಹಲ್ ಕಾವಲುಗಳು ಮಳೆ ಕಡಿಮೆಯಿರುವ ಸೀಮೆಯವು. ಮಲೆನಾಡಿನ ದಾರಿ ಕಡಿದಾಗಲೂ ಅಲ್ಲಿಗೆ ಹೋಗಬಹುದು. ಅಲ್ಲಿಯ ಅಂಗಡಿ, ಹೋಟೆಲುಗಳಿಗೆ ಈ ಲಾಭದಲ್ಲಿ ಪಾಲು ಇನ್ನೂ ದೊರೆತಿಲ್ಲ.

ವಾಣಿಜ್ಯ ಸಮುದಾಯದ ಪಾತ್ರ

ಈ ದಿಸೆಯಲ್ಲಿ ಕೆಲವು ಕಾರ್ಯಗಳು ಸರ್ಕಾರಕ್ಕಾಗಿ ಕಾಯದೆ ನಮ್ಮಿಂದಲೇ ಸಾಧ್ಯ. ಭೌಗೋಳಿಕ ಸೂಚಕ ಮಾನ್ಯತೆಯುಳ್ಳ ಕಾಫಿಯನ್ನು ಜಿಲ್ಲೆಯೊಳಗೇ ಹುರಿದು, ಪುಡಿಮಾಡಿ, ಪೊಟ್ಟಣ ಕಟ್ಟುವ ಸಣ್ಣ ಘಟಕಗಳನ್ನು ಪ್ರೋತ್ಸಾಹಿಸಬಹುದು. ಪ್ರವಾಸಿಯು ಕೊಳ್ಳುವ ಪ್ರತಿ ಪೊಟ್ಟಣದ ಲಾಭ ಆಗ ಇಲ್ಲಿಯೇ ಉಳಿಯುತ್ತದೆ. ಹೋಟೆಲು, ಹೋಂಸ್ಟೇ, ವರ್ತಕರ ಸಂಘಗಳು ಕೂಡಿ ಗಿರಿಯ ತಾಣಗಳಲ್ಲಿ ಪ್ಲಾಸ್ಟಿಕ್ ಕಸವನ್ನು ಕೆಳಗೆ ತರುವ ಹೊಣೆಯನ್ನು ಹಂಚಿಕೊಳ್ಳಬಹುದು. ಹೊಸ ಕಟ್ಟಡಕ್ಕೆ ಬಂಡವಾಳ ಹೂಡುವವರು ಇಳಿಜಾರನ್ನು ಕಡಿಯುವ ಮೊದಲು ಭೂವಿಜ್ಞಾನಿಗಳ ಸಲಹೆ ಪಡೆಯುವುದನ್ನು ವೆಚ್ಚವೆಂದು ಭಾವಿಸದೆ ವಿಮೆಯೆಂದು ಭಾವಿಸಬೇಕು. ಸಾಗಣೆದಾರರು ಮಳೆಗಾಲಕ್ಕೆ ಮೊದಲೇ ಪರ್ಯಾಯ ದಾರಿ ಮತ್ತು ದಾಸ್ತಾನಿನ ಯೋಜನೆ ಹಾಕಿಕೊಳ್ಳುವುದು ಹಿತ.

ಈ ಜಿಲ್ಲೆಯಲ್ಲಿ ಬೆಟ್ಟವನ್ನು ಅಗೆದು ಬದುಕಿದ್ದೂ ಉಂಟು, ಬೆಟ್ಟದ ಮೇಲೆ ಬೆಳೆದು ಬದುಕಿದ್ದೂ ಉಂಟು. ಎರಡರ ಫಲವನ್ನೂ ಇಲ್ಲಿಯ ಪೇಟೆಗಳು ಕಂಡಿವೆ. ಪ್ರವಾಸೋದ್ಯಮವು ಇವೆರಡರಲ್ಲಿ ಯಾವ ಹಾದಿ ಹಿಡಿಯುವುದೆಂಬುದು ಇನ್ನೂ ತೀರ್ಮಾನವಾಗಿಲ್ಲ. ಅಸಲನ್ನು ಖರ್ಚು ಮಾಡದೆ ಬಡ್ಡಿಯಲ್ಲಿ ವ್ಯವಹಾರ ನಡೆಸುವುದು ವರ್ತಕರಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ಚಂದ್ರದ್ರೋಣದ ಕಾಡು, ಹುಲ್ಲು, ನೀರುಗಳು ಆ ಅಸಲಿನ ಲೆಕ್ಕಕ್ಕೆ ಸೇರಿದವೆಂದು ತಿಳಿದು ನಡೆದಲ್ಲಿ, ಮುಂದಿನ ತಲೆಮಾರಿನ ವ್ಯಾಪಾರಕ್ಕೂ ಈ ಗಿರಿಶ್ರೇಣಿ ಆಧಾರವಾಗಿ ನಿಲ್ಲುವುದರಲ್ಲಿ ಸಂಶಯವಿಲ್ಲ.